ಮುಖ ಕಲಿಯುವ ಹೊತ್ತು

ಪೊರೆ ತೆಗೆದು ಕಣ್ಣಿಗೆ ಬೆಳಕು ಬಿಡುವುದು ವೈದ್ಯರ ಕೈಯಲ್ಲಿದೆ. ಆ ಬೆಳಕಿನಲ್ಲಿ ಮುಖ ಗುರುತಿಸುವುದನ್ನು ಮಿದುಳೇ ಕಲಿಯಬೇಕು, ಅದೂ ಎಳೆಯ ವಯಸ್ಸಿನಲ್ಲಿ. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ನಡೆದ ಅಧ್ಯಯನಗಳು ತೋರಿಸಿಕೊಟ್ಟದ್ದು ಇದನ್ನೇ.

ಚಿಂಚೋಳಿ ತಾಲ್ಲೂಕಿನ ನಮ್ಮೂರಿನಲ್ಲಿ ದೊಡ್ಡವ್ವನ ಮೊಮ್ಮಗ ಕಟ್ಟೆಯ ಮೇಲೆ ಕುಳಿತಿದ್ದ. ಆಗ ಅವನಿಗೆ ಹನ್ನೊಂದು ವರ್ಷ. ಹುಟ್ಟಿದಾಗಿನಿಂದ ಎರಡೂ ಕಣ್ಣಿಗೆ ದಟ್ಟ ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು. ಎರಡು ತಿಂಗಳ ಹಿಂದಷ್ಟೇ ಹೈದರಾಬಾದಿನಲ್ಲಿ ಆಪರೇಷನ್ ಆಗಿ, ಮೂಗಿನ ಮೇಲೆ ದಪ್ಪ ಕನ್ನಡಕ ಕೂತಿತ್ತು. ಓಣಿಯ ಆ ತುದಿಯಿಂದ ನಾಲ್ಕೈದು ಹೆಂಗಸರು ನೀರಿನ ಕೊಡ ಹೊತ್ತು ಬರುತ್ತಿದ್ದರು. "ಕಾಕಾ, ಅವ್ವ ಬರ್ಲಾಕತ್ತಾಳ. ಎಡಕ್ಕಿರಾಕಿ" ಅಂದ. ನಿಜವಾಗಿಯೂ ಅವಳೇ. ನಮಗೆಲ್ಲ ಎಷ್ಟು ಹಿಗ್ಗೆಂದರೆ, ದೊಡ್ಡವ್ವ ಅಲ್ಲಿಯೇ ಕಣ್ಣೊರೆಸಿಕೊಂಡಳು.

ಮನೆಗೆ ಬಂದ ಮೇಲೆ ಅವನ ತಾಯಿ ಕೊಡ ಇಳಿಸಿ ಸುಮ್ಮನೆ ಅವನ ಎದುರು ನಿಂತಳು. ಪಕ್ಕದಲ್ಲಿ ಅವಳ ತಂಗಿ. ಹುಡುಗ ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ. ಮತ್ತೆ ಮೊದಲಿನವಳನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಅವ್ವಾ, ಒಂದೀಟು ಮಾತಾಡು."

ಐವತ್ತು ಹೆಜ್ಜೆ ದೂರದಲ್ಲಿ ತಾಯಿಯನ್ನು ಗುರುತಿಸಿದ ಹುಡುಗನಿಗೆ ಎರಡು ಹೆಜ್ಜೆ ದೂರದಲ್ಲಿ ಅವಳು ಸಿಗಲಿಲ್ಲ. ಆಪರೇಷನ್ ಪೂರ್ತಿ ಆಗಿಲ್ಲವೇನೋ ಎಂದು ಊರಲ್ಲಿ ಕೆಲವರು ಅಂದರು. ಕನ್ನಡಕದ ನಂಬರು ತಪ್ಪಿರಬೇಕು ಎಂದು ನಾನೂ ಅಂದುಕೊಂಡೆ. ಎರಡೂ ಸುಳ್ಳು. ಅವನ ಕಣ್ಣು ತನ್ನ ಕೆಲಸ ಮಾಡುತ್ತಿತ್ತು. ಹಾಗಿದ್ದೂ ತಾಯಿಯ ಮುಖ ಏಕೆ ಗುರುತು ಸಿಗಲಿಲ್ಲ ಎಂಬುದಕ್ಕೆ ಉತ್ತರ ಸಿಗಲು ನನಗೆ ಅನೇಕ ವರ್ಷ ಬೇಕಾಯಿತು. ಸಿಕ್ಕದ್ದೂ ಹೈದರಾಬಾದಿನಲ್ಲಿಯೇ.

ಎಲ್ಲ ಇಂದ್ರಿಯಕ್ಕೂ ಒಂದೇ ನಾಣ್ಯ

ಆ ಉತ್ತರಕ್ಕೆ ಮೊದಲು, ಮಿದುಳಿಗೆ ಸುದ್ದಿ ಮುಟ್ಟುವುದು ಹೇಗೆಂದು ನೋಡಬೇಕು. ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಮೂಗಿನ ಕಡೆಯ ಮೂಲೆಯಲ್ಲಿ ಬೆರಳಿನಿಂದ ಹಗುರಾಗಿ ಒತ್ತಿ. ಕಣ್ಣಿನ ಆಚೆ ಬದಿಯಲ್ಲಿ ಒಂದು ಬೆಳಕಿನ ಉಂಗುರ ಮೂಡುತ್ತದೆ. ಒಳಗೆ ಬೆಳಕು ಹೋಗಿಲ್ಲ, ಹೋದದ್ದು ಬರೀ ಒತ್ತಡ. ಆದರೂ ಮಿದುಳು ಅದನ್ನು ಬೆಳಕೆಂದೇ ಓದಿತು, ಏಕೆಂದರೆ ಸುದ್ದಿ ಬಂದದ್ದು ಕಣ್ಣಿನ ನರದಿಂದ. ಮಿದುಳಿಗೆ ಹೊರಗಿನ ಲೋಕ ನೇರವಾಗಿ ಗೊತ್ತಿಲ್ಲ. ಬೆಳಕು, ಸದ್ದು, ಬಿಸಿ, ಘಾಟು ಎಲ್ಲವೂ ಅಲ್ಲಿಗೆ ಮುಟ್ಟುವುದು ಒಂದೇ ನಾಣ್ಯವಾಗಿ: ಒಂದು ಮಿಲಿಸೆಕೆಂಡ್ ಇರುವ, ಒಂದು ವೋಲ್ಟಿನ ಹತ್ತನೇ ಒಂದರಷ್ಟು ಏರಿಳಿಯುವ ವಿದ್ಯುತ್ ಮಿಡಿತ. ಗಟ್ಟಿಯಾಗಿ ಒತ್ತಿದರೆ ಮಿಡಿತ ದೊಡ್ಡದಾಗುವುದಿಲ್ಲ, ಬೇಗ ಬೇಗ ಬರುತ್ತದೆ ಅಷ್ಟೆ. ಇದನ್ನು ಕಂಡುಕೊಂಡ ಎಡ್ಗರ್ ಏಡ್ರಿಯನ್‌ಗೆ 1932ರಲ್ಲಿ ನೊಬೆಲ್ ಬಂತು.

ನಾಣ್ಯ ಒಂದೇ ಆದುದರಿಂದಲೇ ಮೋಸವೂ ಸಾಧ್ಯ. ಹೈದರಾಬಾದಿನಲ್ಲಿ ಬಿರಿಯಾನಿಯ ಜೊತೆ ಮಿರ್ಚಿ ಕಾ ಸಾಲನ್ ಬಡಿಸಿಕೊಂಡವರಿಗೆ ಬಾಯಿ ಉರಿಯುತ್ತದೆ. ಉರಿ ಎಂಬ ಮಾತು ಬರೀ ಉಪಮೆಯಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುವ ನರದ ಬಾಗಿಲೊಂದಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತಣ್ಣಗಿದ್ದಾಗಲೇ ತೆರೆಯುತ್ತದೆ. 1997ರಲ್ಲಿ ಈ ಬಾಗಿಲನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್, ಸ್ಪರ್ಶದ ಬಾಗಿಲು ಹುಡುಕಿದ ಆರ್ಡೆಮ್ ಪಟಪೂಟಿಯನ್ ಇಬ್ಬರೂ 2021ರ ನೊಬೆಲ್ ಹಂಚಿಕೊಂಡರು. ಖಾರ ತಿಂದರೆ ಬೆವರುವುದು ಏಕೆ ಎಂಬುದಕ್ಕೂ ಇಲ್ಲಿಯೇ ಕಾರಣ ಇದೆ. ಸುಡುತ್ತಿದೆ ಎಂದು ಮಿದುಳು ನಿಜವಾಗಿ ನಂಬುತ್ತದೆ, ಮೈ ತಣಿಸಲು ಹೊರಡುತ್ತದೆ.

ಕಣ್ಣಿನ ವಿಷಯಕ್ಕೆ ಬರೋಣ. ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 12 ಕೋಟಿಗೂ ಹೆಚ್ಚು. ಅಲ್ಲಿಂದ ಮಿದುಳಿಗೆ ಹೋಗುವ ನರದ ಎಳೆಗಳು ಹತ್ತು ಲಕ್ಷದ ಆಸುಪಾಸು. ನೂರು ಜನ ತಂದ ಸುದ್ದಿಯನ್ನು ಒಬ್ಬ ಹೊತ್ತೊಯ್ಯಬೇಕು. ಹಾಗಾಗಿ ಇದ್ದದ್ದನ್ನೆಲ್ಲ ಕಳಿಸುವ ಗೋಜಿಗೆ ರೆಟಿನಾ ಹೋಗುವುದೇ ಇಲ್ಲ. ಅಕ್ಕಪಕ್ಕದ ಕೋಶಗಳು ಒಂದನ್ನೊಂದು ತಗ್ಗಿಸುತ್ತವೆ. ಬಯಲು ಬಿಳಿ ಗೋಡೆಯಾದರೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ, ಗೋಡೆ ಮುಗಿದು ಬಾಗಿಲು ಶುರುವಾಗುವ ಅಂಚಿನ ಸುದ್ದಿ ಮಾತ್ರ ಜೋರಾಗಿ ಹೋಗುತ್ತದೆ. ನಾವು ನೋಡುವ ಲೋಕ ಮೂಲತಃ ಅಂಚುಗಳ ಲೋಕ. ರಂಗೋಲಿ ಹಾಕುವವರು ಬರೀ ಗೆರೆಯಿಂದ ನವಿಲು ನಿಲ್ಲಿಸಿಬಿಡುತ್ತಾರಲ್ಲ, ಕಣ್ಣು ಅದನ್ನು ಒಪ್ಪಿಕೊಳ್ಳುವುದು ತನ್ನ ಭಾಷೆಯೂ ಅದೇ ಆದುದರಿಂದ.

ಉಳಿದದ್ದನ್ನು ಮಿದುಳು ತುಂಬಿಕೊಳ್ಳುತ್ತದೆ. ಎರಡೂ ಹೆಬ್ಬೆರಳನ್ನು ತೋಳು ಚಾಚಿ ಜೋಡಿಸಿ ಹಿಡಿಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ದಿಟ್ಟಿಸಿ, ಬಲ ಹೆಬ್ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸಿ. ಮುಕ್ಕಾಲು ಗೇಣು ದೂರ ಹೋದಾಗ ಅದರ ತುದಿ ಮಾಯವಾಗುತ್ತದೆ. ನರಗಳು ಕಣ್ಣಿನಿಂದ ಹೊರಬೀಳುವ ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶವೇ ಇಲ್ಲ. ನಮ್ಮೆಲ್ಲರ ನೋಟದಲ್ಲಿ ಅಂಥ ಒಂದು ತೂತಿದೆ. ಆದರೂ ಅಲ್ಲಿ ಕಪ್ಪು ಚುಕ್ಕೆ ಕಾಣುವುದಿಲ್ಲ. ಸುತ್ತಲಿನ ಬಣ್ಣ ತೆಗೆದುಕೊಂಡು ಮಿದುಳು ಆ ತೂತಿಗೆ ತೇಪೆ ಹಾಕಿಬಿಟ್ಟಿರುತ್ತದೆ.

ಈ ತೇಪೆ ಹಾಕುವ, ಅಂಚುಗಳನ್ನು ಕೂಡಿಸಿ ಮುಖ ಮಾಡುವ ಕೌಶಲ ಮಿದುಳಿಗೆ ಎಲ್ಲಿಂದ ಬಂತು? ಡೇವಿಡ್ ಹ್ಯೂಬೆಲ್, ಟಾರ್ಸ್ಟೆನ್ ವೀಸೆಲ್ ಎಂಬ ಇಬ್ಬರು ಅಮೆರಿಕದಲ್ಲಿ ಬೆಕ್ಕಿನ ಮಿದುಳಿನ ಒಂದೊಂದೇ ಕೋಶಕ್ಕೆ ಸೂಜಿಯಂಥ ತಂತಿ ಮುಟ್ಟಿಸಿ, ಅದರ ಮಿಡಿತವನ್ನು ಸ್ಪೀಕರಿನಲ್ಲಿ ಕೇಳುತ್ತ ಕೂತಿದ್ದರು. ಗಂಟೆಗಟ್ಟಲೆ ಪರದೆಯ ಮೇಲೆ ಚುಕ್ಕೆ ತೋರಿಸಿದರೂ ಕೋಶ ಮಾತಾಡಲಿಲ್ಲ. ಪ್ರೊಜೆಕ್ಟರಿಗೆ ಇನ್ನೊಂದು ಗಾಜಿನ ಸ್ಲೈಡ್ ತೂರಿಸುವಾಗ ಸ್ಪೀಕರ್ ತಟ್ಟನೆ ತಗಡಿನ ಮೇಲೆ ಆಣೆಕಲ್ಲು ಬಿದ್ದ ಹಾಗೆ ಸದ್ದು ಮಾಡತೊಡಗಿತು. ಕೋಶ ಕಂಡದ್ದು ಚುಕ್ಕೆಯನ್ನಲ್ಲ, ಗಾಜಿನ ಅಂಚಿನ ಓರೆ ನೆರಳನ್ನು. ಒಂದೊಂದು ಕೋಶಕ್ಕೆ ಒಂದೊಂದು ಓರೆ ಎಂಬುದು 1959ರಲ್ಲಿ ಲೋಕಕ್ಕೆ ಗೊತ್ತಾಯಿತು. ಇದಕ್ಕಿಂತ ಮುಖ್ಯವಾದದ್ದು ಅವರ ಮುಂದಿನ ಪ್ರಯೋಗ. ಹುಟ್ಟಿದ ಬೆಕ್ಕಿನ ಮರಿಯ ಒಂದು ರೆಪ್ಪೆಯನ್ನು ಎರಡು ಮೂರು ತಿಂಗಳು ಹೊಲಿದಿಟ್ಟು ಆಮೇಲೆ ಬಿಚ್ಚಿದರು. ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಆ ಕಣ್ಣಿನ ಮಾತನ್ನು ಕೇಳುವ ಕೋಶಗಳು ಮಿದುಳಿನಲ್ಲಿ ಹೆಚ್ಚುಕಡಿಮೆ ಉಳಿದಿರಲಿಲ್ಲ. ಬೆಳೆದ ಬೆಕ್ಕಿಗೆ ಅಷ್ಟೇ ಕಾಲ ರೆಪ್ಪೆ ಮುಚ್ಚಿದರೆ ಏನೂ ಆಗಲಿಲ್ಲ. ಮಿದುಳಿಗೆ ಕಲಿಯುವ ಒಂದು ಹೊತ್ತಿದೆ, ಅದು ಕಳೆದರೆ ಜಾಗವನ್ನು ಬೇರೆಯವರು ಹಿಡಿಯುತ್ತಾರೆ. ಇಬ್ಬರಿಗೂ 1981ರಲ್ಲಿ ನೊಬೆಲ್ ಸಿಕ್ಕಿತು.

ಬೆಕ್ಕಿನ ಮರಿಗೆ ಹೊಲಿಗೆ ಹಾಕಬಹುದು, ಮನುಷ್ಯನ ಮಗುವಿಗೆ ಹಾಕಲಾದೀತೆ? ಯಾರೂ ಹಾಕುವುದಿಲ್ಲ. ಆದರೆ ಬಡತನ, ದೂರ, ತಿಳಿಯದಿರುವಿಕೆ ಮೂರೂ ಸೇರಿ ನಮ್ಮ ನಾಡಿನಲ್ಲಿ ಆ ಹೊಲಿಗೆಯನ್ನು ಎಷ್ಟೋ ಮಕ್ಕಳಿಗೆ ಹಾಕಿಬಿಟ್ಟಿವೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಬಂಜಾರಾ ಹಿಲ್ಸ್‌ನ ತಂತಿಯ ಟೋಪಿ

1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬದಲಾಯಿತು, ದವಾಖಾನೆಯ ದಾರಿ ಬದಲಾಗಲಿಲ್ಲ. ಇಂದಿಗೂ ನಮ್ಮ ಕಡೆಯ ಬಸ್ಸುಗಳು ಮೂಸಿ ನದಿಯ ದಡದ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಬಂದು ನಿಂತಾಗ, ಕಂಕುಳಲ್ಲಿ ಎಕ್ಸ್‌ರೇ ಕವರು, ಕೈಯಲ್ಲಿ ರೊಟ್ಟಿ ಗಂಟು ಹಿಡಿದ ಕುಟುಂಬಗಳು ಇಳಿಯುತ್ತವೆ. ಆಟೊದವನಿಗೆ ಆಸ್ಪತ್ರೆಯ ಹೆಸರು ಹೇಳಬೇಕಿಲ್ಲ. ಕಣ್ಣಿಗೆ ಕಟ್ಟಿದ ಪಟ್ಟಿ ನೋಡಿಯೇ ಅವನು "ಎಲ್ ವಿ ಪ್ರಸಾದ್?" ಎಂದು ಕೇಳುತ್ತಾನೆ.

ಎಲ್. ವಿ. ಪ್ರಸಾದ್ ವೈದ್ಯರಲ್ಲ, ಸಿನಿಮಾದವರು. ಭಾರತ ಮಾತು ಕಲಿತ ಹೊತ್ತಿನಲ್ಲಿ ಪರದೆಯ ಮೇಲಿದ್ದವರು: 1931ರ 'ಆಲಂ ಆರಾ', ಅದೇ ವರ್ಷದ 'ಕಾಳಿದಾಸ್', 1932ರ 'ಭಕ್ತ ಪ್ರಹ್ಲಾದ' ಮೂರರಲ್ಲೂ ನಟಿಸಿದ್ದರು. ಹಿಂದಿ, ತಮಿಳು, ತೆಲುಗು ಮೂರರಲ್ಲೂ ಮೊದಲ ಟಾಕಿಗಳೆಂದು ಹೆಸರಾದವು ಅವು. ಅಮೆರಿಕದ ರಾಚೆಸ್ಟರಿನಿಂದ ಮರಳಿ ಬಂದ ಡಾ. ಗುಳ್ಳಪಲ್ಲಿ ನಾಗೇಶ್ವರ ರಾವ್ ಅವರ ಕನಸಿಗೆ ಪ್ರಸಾದ್ ಕುಟುಂಬ ಬಂಜಾರಾ ಹಿಲ್ಸ್‌ನಲ್ಲಿ ಐದು ಎಕರೆ ಜಾಗ, ಒಂದು ಕೋಟಿ ರೂಪಾಯಿ ಕೊಟ್ಟಿತು. 1987ರಲ್ಲಿ ಆಸ್ಪತ್ರೆ ಶುರುವಾಯಿತು. ಬಂದವರಲ್ಲಿ ಸುಮಾರು ಅರ್ಧ ಜನ ದುಡ್ಡು ಕೊಡದೆ ಚಿಕಿತ್ಸೆ ಪಡೆಯುವ ಪದ್ಧತಿ ಅಲ್ಲಿಯದು.

ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಬ್ರಿಗಿಟೆ ರೋಡರ್ ಅವರ ತಂಡ ಈ ಆಸ್ಪತ್ರೆಯ ಜೊತೆ ಸೇರಿ ಕೆಲಸ ಮಾಡಿತು. ಆಸ್ಪತ್ರೆಯ ಕಡೆಯಿಂದ ಮಕ್ಕಳ ಕಣ್ಣಿನ ತಜ್ಞ ಡಾ. ರಮೇಶ್ ಕೆಕುಣ್ಣಾಯ ಈ ಅಧ್ಯಯನಗಳಲ್ಲಿ ಜೊತೆಗಿದ್ದವರು. ಜರ್ಮನಿಯವರು ಇಲ್ಲಿಗೇ ಏಕೆ ಬರಬೇಕಾಯಿತು? ಅವರ ದೇಶದಲ್ಲಿ ಎರಡೂ ಕಣ್ಣಿಗೆ ಪೊರೆ ಇಟ್ಟುಕೊಂಡು ಹತ್ತು ವರ್ಷ ಬೆಳೆದ ಮಗು ಸಿಗುವುದು ಬಲು ಅಪರೂಪ, ಹುಟ್ಟಿದ ವಾರಗಳಲ್ಲೇ ಪತ್ತೆಯಾಗಿಬಿಡುತ್ತದೆ. ನಮ್ಮಲ್ಲಿ ತಡವಾಗಿ ಬಂದ ಮಕ್ಕಳಿದ್ದರು.

ಅಧ್ಯಯನ ಹೀಗೆ. ತಲೆಗೆ ಬಟ್ಟೆಯ ಟೋಪಿ, ಟೋಪಿಯ ತುಂಬ ಗುಂಡಿಯಂಥ ಎಲೆಕ್ಟ್ರೋಡುಗಳು. ಒಂದೊಂದರ ಕೆಳಗೂ ಕೂದಲು ಸರಿಸಿ, ತಣ್ಣನೆಯ ಜೆಲ್ ಹಚ್ಚಬೇಕು. ಎಲ್ಲ ಕೂಡಿಸುವ ಹೊತ್ತಿಗೆ ತಲೆ ಎಣ್ಣೆ ನೀರು ಹಾಕಿದಂತೆ ಒದ್ದೆ. ಅಲುಗಾಡಬಾರದು, ಹಲ್ಲು ಕಚ್ಚಬಾರದು, ಆದಷ್ಟು ರೆಪ್ಪೆ ಬಡಿಯಬಾರದು, ಏಕೆಂದರೆ ಹುಡುಕುತ್ತಿರುವುದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟಿರುವ ಮಿದುಳಿನ ವಿದ್ಯುತ್ ಅಲೆ. ಎದುರಿನ ಪರದೆಯಲ್ಲಿ ಮುಖದ ಚಿತ್ರ, ಮನೆಯ ಚಿತ್ರ, ಚೂರುಚೂರಾಗಿ ಕಲಸಿದ ಚಿತ್ರ ಒಂದಾದ ಮೇಲೊಂದು ಬರುತ್ತವೆ.

ನೋಡುತ್ತ ಬೆಳೆದವರ ಮಿದುಳಿನಲ್ಲಿ, ಮುಖ ಕಂಡ ಸುಮಾರು 170 ಮಿಲಿಸೆಕೆಂಡಿಗೆ ತಲೆಯ ಹಿಂಬದಿಯ ಪಕ್ಕದಲ್ಲಿ ಒಂದು ಅಲೆ ಏಳುತ್ತದೆ. ಮನೆ ಕಂಡಾಗ ಏಳುವ ಅಲೆಗಿಂತ ಅದು ದೊಡ್ಡದು. ಯಾರ ಮುಖ ಎಂದು ಬಾಯಿ ಹೇಳುವ ಮುಂಚೆಯೇ, ಇದು ಮುಖ ಎಂದು ಮಿದುಳು ವಿಂಗಡಿಸಿ ಇಟ್ಟಿರುತ್ತದೆ. ಹುಟ್ಟಿನಿಂದ ದಟ್ಟ ಪೊರೆಯಿದ್ದು, ಎಳೆತನದಿಂದ ಹದಿಹರೆಯದವರೆಗೆ ಬೇರೆ ಬೇರೆ ವಯಸ್ಸಿನಲ್ಲಿ ಆಪರೇಷನ್ ಆದವರಲ್ಲಿಯೂ ಅಲೆ ಎದ್ದಿತು. ಆದರೆ ಮುಖಕ್ಕೆ ಎದ್ದ ಅಲೆಗೂ ಮನೆಗೆ ಎದ್ದ ಅಲೆಗೂ ಭೇದ ಇರಲಿಲ್ಲ. 2013ರಲ್ಲಿ ಇದು ಪ್ರಕಟವಾಯಿತು. ಓದಿದಾಗ ನನಗೆ ಕಟ್ಟೆಯ ಮೇಲಿನ ಹುಡುಗ ನೆನಪಾದ. ಅವನಿಗೆ ತಾಯಿಯ ಮುಖ ಕಾಣುತ್ತಿತ್ತು, ಗೋಡೆ ಕಾಣುವ ಹಾಗೆ.

ಹಾಗಾದರೆ ದೂರದಿಂದ ಅವನಿಗೆ ತಾಯಿಯ ನಡಿಗೆ ಗೊತ್ತಾದದ್ದು ಹೇಗೆ? ಅದಕ್ಕೂ ಇದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಉತ್ತರ ಇದೆ. ಕತ್ತಲಲ್ಲಿ ಮನುಷ್ಯನ ಭುಜ, ಮೊಣಕೈ, ಮಂಡಿ, ಹಿಮ್ಮಡಿಗಳಿಗೆ ಚುಕ್ಕೆ ಬೆಳಕು ಅಂಟಿಸಿ ನಡೆಸಿದರೆ, ನಿಂತಾಗ ಅದು ಬರೀ ಚುಕ್ಕೆ, ಹೆಜ್ಜೆ ಇಟ್ಟೊಡನೆ ಮನುಷ್ಯ. ಸ್ವೀಡನ್ನಿನ ಯೋಹಾನ್ಸನ್ 1973ರಲ್ಲಿ ಕಂಡುಹಿಡಿದ ಈ ಪರೀಕ್ಷೆಯನ್ನು ಡೇವಿಡೆ ಬೊಟ್ಟಾರಿ, ರೋಡರ್ ಮುಂತಾದವರು ತಡವಾಗಿ ಕಣ್ಣು ಪಡೆದವರಿಗೆ ಮಾಡಿದರು. ಅವರು ಉಳಿದವರ ಹಾಗೆಯೇ ಗುರುತಿಸಿದರು. ಜೀವಿಯ ಚಲನೆಯನ್ನು ಹಿಡಿಯುವ ವ್ಯವಸ್ಥೆ ಹತ್ತು ವರ್ಷದ ಕತ್ತಲನ್ನೂ ತಾಳಿಕೊಳ್ಳುತ್ತದೆ. ಮುಖ ಹಿಡಿಯುವ ವ್ಯವಸ್ಥೆ ತಾಳಿಕೊಳ್ಳುವುದಿಲ್ಲ. ಒಂದೇ ಕಣ್ಣು, ಒಂದೇ ಮಿದುಳು, ಆದರೆ ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಗಡುವು.

2016ರ ಅಧ್ಯಯನವೊಂದು ಇನ್ನೂ ಆಳಕ್ಕೆ ಹೋಯಿತು. ಕಣ್ಣು ಮುಚ್ಚಿ ನಿರಾಳವಾಗಿ ಕೂತಾಗ ನಮ್ಮ ಮಿದುಳಿನ ಹಿಂಬದಿಯಲ್ಲಿ ಸೆಕೆಂಡಿಗೆ ಹತ್ತು ಸಲದಂತೆ ಒಂದು ಲಯ ಆಡುತ್ತಿರುತ್ತದೆ, ಅದರ ಹೆಸರು ಆಲ್ಫಾ. ತಡವಾಗಿ ದೃಷ್ಟಿ ಬಂದವರಲ್ಲಿ ಈ ಲಯ ಮರಳಿ ಬಂದಿರಲಿಲ್ಲ. ಬಣ್ಣ, ಗಾತ್ರ, ದಾರಿ ಎಲ್ಲ ಕಾಣುತ್ತಿದ್ದರೂ ತಾಳ ಹಿಡಿಯುವವನು ಗೈರುಹಾಜರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ ತಂಡದಿಂದ 2019ರಲ್ಲಿ ಬಂದ ಅಧ್ಯಯನ. 'ಬೂಬಾ', 'ಕಿಕಿ' ಎಂಬ ಎರಡು ಅರ್ಥವಿಲ್ಲದ ಪದ. ಒಂದು ದುಂಡು ಆಕಾರ, ಒಂದು ಚೂಪು ಮೂಲೆಗಳ ಆಕಾರ. ಯಾವುದು ಬೂಬಾ? ಹಲವು ಭಾಷೆಗಳವರಲ್ಲಿ ಹೆಚ್ಚಿನವರು ದುಂಡಗಿನದನ್ನೇ ತೋರಿಸುತ್ತಾರೆ. ಕನ್ನಡದ ಕಿವಿಗೂ 'ಗುಂಡು' ಎಂಬುದು ಗುಂಡಗೆ, 'ಚೂಪು' ಎಂಬುದು ಚೂಪಾಗಿ ಕೇಳುವುದಿಲ್ಲವೇ? ಸದ್ದಿಗೂ ಆಕಾರಕ್ಕೂ ಇರುವ ಈ ಬೆಸುಗೆ ಹುಟ್ಟಿನಿಂದಲೇ ಇರುತ್ತದೆ ಎಂದುಕೊಳ್ಳುವುದು ಸಹಜ. ಹಾಗಿಲ್ಲ. ಹುಟ್ಟು ಕುರುಡರಲ್ಲಿ ಈ ಬೆಸುಗೆ ಕಾಣಲಿಲ್ಲ. ಹುಟ್ಟಿನಿಂದ ಪೊರೆಯಿದ್ದು ದೃಷ್ಟಿ ಪಡೆದವರಲ್ಲಿ, ಬಾಲ್ಯದಲ್ಲಿ ಪೊರೆ ಬೆಳೆದು ಆಮೇಲೆ ತೆಗೆಸಿಕೊಂಡವರಲ್ಲಿ ಕೂಡ ಕಾಣಲಿಲ್ಲ. ಆದರೆ ಚೆನ್ನಾಗಿ ನೋಡುತ್ತ ಬೆಳೆದು ದೊಡ್ಡವರಾದ ಮೇಲೆ ಕಣ್ಣು ಕಳೆದುಕೊಂಡವರಲ್ಲಿ ಅದು ಗಟ್ಟಿಯಾಗಿ ಉಳಿದಿತ್ತು. ಸಕಾಲದಲ್ಲಿ ಕಲಿತದ್ದನ್ನು ಮಿದುಳು ಕತ್ತಲಲ್ಲೂ ಕಾಪಾಡಿಕೊಳ್ಳುತ್ತದೆ.

ಹಾಗಾದರೆ ದೊಡ್ಡ ಮಕ್ಕಳಿಗೆ ಆಪರೇಷನ್ ಮಾಡಿ ಫಲವೇನು ಎಂದು ಯಾರಾದರೂ ಕೇಳಿದರೆ ಆ ಮಾತು ತಪ್ಪು, ಕ್ರೂರ ಕೂಡ. ದೆಹಲಿಯಲ್ಲಿ ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಇದಕ್ಕೆ ಉತ್ತರ ಕೊಟ್ಟಿದೆ. ಮುಟ್ಟಿ ಗೊತ್ತಿರುವ ಗೋಲಿಯನ್ನೂ ಚೌಕವನ್ನೂ, ಹುಟ್ಟು ಕುರುಡ ಕಣ್ಣು ಬಂದ ಕ್ಷಣದಲ್ಲೇ ನೋಡಿ ಗುರುತಿಸಬಲ್ಲನೇ ಎಂದು 1688ರಲ್ಲಿ ವಿಲಿಯಂ ಮಾಲಿನೋ ತತ್ತ್ವಜ್ಞಾನಿ ಲಾಕ್‌ಗೆ ಪತ್ರ ಬರೆದು ಕೇಳಿದ್ದ. 8ರಿಂದ 17 ವರ್ಷದ ಐವರು ಭಾರತೀಯ ಮಕ್ಕಳು ಆ ಪ್ರಶ್ನೆಗೆ ಉತ್ತರವಾದರು: ಕೂಡಲೇ ಆಗಲಿಲ್ಲ, ಆದರೆ ಕೆಲವೇ ದಿನಗಳಲ್ಲಿ ಬಂತು. 2011ರಲ್ಲಿ ಅದು ಅಚ್ಚಾಯಿತು. ಕೆಲವು ಬಾಗಿಲು ಮುಚ್ಚುತ್ತವೆ, ಕೆಲವು ಅರೆತೆರೆದೇ ಇರುತ್ತವೆ. ನಮ್ಮ ಹುಡುಗ ಸೈಕಲ್ ಕಲಿತ, ಓದು ಕಲಿತ, ಈಗ ಸೇಡಂನಲ್ಲಿ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳನ್ನು ದನಿಯಿಂದ, ನಡಿಗೆಯಿಂದ, ಟೋಪಿ, ಟವೆಲು, ಮೀಸೆಯಿಂದ ಗುರುತು ಹಿಡಿಯುತ್ತಾನೆ.

ಕಲಿತ ಯಂತ್ರ

ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಡಿಜಿಯಾತ್ರಾ ಗೇಟಿನ ಮುಂದೆ ನಿಂತರೆ ಕ್ಯಾಮೆರಾ ಮುಖ ನೋಡಿ ಬಾಗಿಲು ತೆರೆಯುತ್ತದೆ. ಆ ಯಂತ್ರದ ವಂಶವೃಕ್ಷ ಹುಡುಕಿದರೆ ಹ್ಯೂಬೆಲ್ ವೀಸೆಲ್‌ರ ಬೆಕ್ಕು ಸಿಗುತ್ತದೆ. ಓರೆ ಗೆರೆ ಹಿಡಿಯುವ ಕೋಶ, ಅವುಗಳನ್ನು ಕೂಡಿಸುವ ಇನ್ನೊಂದು ಸಾಲು ಎಂಬ ಅವರ ಚಿತ್ರಣವನ್ನೇ ಹಿಡಿದು ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ 'ನಿಯೋಕಾಗ್ನಿಟ್ರಾನ್' ಎಂಬ ಲೆಕ್ಕದ ಜಾಲ ಕಟ್ಟಿದರು. ಯಾನ್ ಲೆಕುನ್ ಅದರಂಥ ಜಾಲಕ್ಕೆ ತನ್ನ ತಪ್ಪು ತಿದ್ದಿಕೊಳ್ಳುತ್ತ ಕಲಿಯುವ ವಿದ್ಯೆ ಸೇರಿಸಿದರು. 2012ರಲ್ಲಿ ಅಂಥದೇ ಜಾಲವೊಂದು ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನು ಬಹಳ ಹಿಂದೆ ಹಾಕಿದ ಮೇಲೆ ಲೋಕವೇ ಆ ದಾರಿ ಹಿಡಿಯಿತು. ಕಲಿಸಿ ನೋಡಿದರೆ, ಜಾಲದ ಮೊದಲ ಸಾಲು ತಾನಾಗಿಯೇ ಓರೆ ಗೆರೆಗಳನ್ನು ಹಿಡಿಯತೊಡಗುತ್ತದೆ, ಬೆಕ್ಕಿನ ಮಿದುಳಿನ ಹಾಗೆ. ಎಲ್ ವಿ ಪ್ರಸಾದ್ ಸಂಸ್ಥೆಯೇ 2016ರಲ್ಲಿ ಮೈಕ್ರೋಸಾಫ್ಟ್ ಜೊತೆ ಸೇರಿ, ಕಣ್ಣಿನ ದಾಖಲೆಗಳಿಂದ ಮಕ್ಕಳ ದೃಷ್ಟಿದೋಷ ಮುಂದೆ ಹೇಗೆ ಬೆಳೆಯಬಹುದೆಂದು ಲೆಕ್ಕ ಹಾಕುವಂಥ ಕೆಲಸ ಕೈಗೆತ್ತಿಕೊಂಡಿತು.

ಯಂತ್ರಕ್ಕೂ ಮಗುವಿಗೂ ಒಂದು ದೊಡ್ಡ ಅಂತರ ಇದೆ. ಯಂತ್ರಕ್ಕೆ ಲಕ್ಷಗಟ್ಟಲೆ ಮುಖ ಬೇಕು. ಮಗುವಿಗೆ ಮನೆಯ ಹತ್ತು ಜನ ಸಾಕು. ಆದರೆ ಯಂತ್ರವನ್ನು ಇಂದು ಬಿಟ್ಟು ಹತ್ತು ವರ್ಷದ ಮೇಲೆ ಕಲಿಸಬಹುದು, ಅದಕ್ಕೆ ಗಡುವೇ ಇಲ್ಲ. ಮಗುವಿನ ಪಾಠ ಕಾಯುವುದಿಲ್ಲ. ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು ಒಂದು ಗೇಣು, ಒಂದೂವರೆ ಗೇಣು ದೂರ ಮಾತ್ರ. ಎದೆಹಾಲು ಕುಡಿಯುವಾಗ ತಾಯಿಯ ಮುಖ ಇರುವುದು ಅಷ್ಟೇ ದೂರದಲ್ಲಿ.

ಕಿವಿಯ ದಾರಿ

ಕಿವಿಯದೂ ಇದೇ ಕಥೆ, ಆದರೆ ಇಲ್ಲಿ ತಂತ್ರಜ್ಞಾನ ಒಂದು ಹೆಜ್ಜೆ ಮುಂದಿದೆ. ಒಳಕಿವಿಯ ಶಂಖದಂಥ ಸುರುಳಿ ಹಾರ್ಮೋನಿಯಂ ಮನೆಗಳ ಹಾಗೆ ಜೋಡಿಸಿದೆ. ಬುಡದಲ್ಲಿ ಕೀಚಲು ಸದ್ದು, ತುದಿಯಲ್ಲಿ ತಗ್ಗು ಸದ್ದು. ಸುದ್ದಿ ಒಯ್ಯುವ ಒಳಸಾಲಿನ ರೋಮಕೋಶಗಳು ಒಂದು ಕಿವಿಗೆ ಸುಮಾರು 3,500 ಮಾತ್ರ. ಅವು ಇಲ್ಲದೆಯೇ ಹುಟ್ಟಿದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಇಟ್ಟು ನೇರವಾಗಿ ನರಕ್ಕೇ ಮಿಡಿತ ಕೊಡಬಹುದು. ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕ್ 1978ರಲ್ಲಿ ತಮ್ಮ ಬಹು ಎಲೆಕ್ಟ್ರೋಡಿನ ಸಾಧನವನ್ನು ಮೊದಲ ಸಲ ಕೂರಿಸಿದರು. ಇಂದಿನ ಸಾಧನಗಳಲ್ಲಿ ಎಲೆಕ್ಟ್ರೋಡು ಇರುವುದು 12ರಿಂದ 22. ಮೂರೂವರೆ ಸಾವಿರ ಜನರ ಕೆಲಸವನ್ನು ಇಪ್ಪತ್ತೆರಡು ಜನ ಮಾಡುವುದೆಂದರೆ ನಂಬಲಾಗದು. ಆದರೂ ಮಾತು ಅರ್ಥವಾಗುತ್ತದೆ, ಏಕೆಂದರೆ ಉಳಿದ ಖಾಲಿಯನ್ನು ತುಂಬುವುದು ಮಿದುಳು. ಸಂಗೀತ ಮಾತ್ರ ಅಷ್ಟು ಸುಲಭವಲ್ಲ, ಯಮನ್ ಯಾವುದು ಭೂಪ ಯಾವುದು ಎಂದು ಬೇರ್ಪಡಿಸುವ ಸೂಕ್ಷ್ಮ ಇಪ್ಪತ್ತೆರಡು ತಂತಿಗೆ ದಕ್ಕುವುದು ಕಷ್ಟ.

ಸಾಧನ ಹಾಕಿದ ಮೂರು ನಾಲ್ಕು ವಾರದ ಮೇಲೆ ಅದನ್ನು 'ಸ್ವಿಚ್ ಆನ್' ಮಾಡುತ್ತಾರೆ. ಅಂಥದೊಂದು ಕೋಣೆಯಲ್ಲಿ ನಾನು ಕೂತಿದ್ದೆ. ಆಡಿಯಾಲಜಿಸ್ಟ್ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಎಲೆಕ್ಟ್ರೋಡಿನ ಬಲವನ್ನು ಗೆರೆಗೆರೆಯಾಗಿ ಏರಿಸುತ್ತಿದ್ದರು. ಎರಡು ವರ್ಷದ ಮಗು ಪ್ಲಾಸ್ಟಿಕ್ ಬಳೆಯೊಂದನ್ನು ಕೆನ್ನೆಗೆ ಹಿಡಿದು ಕೂತಿತ್ತು. ಸದ್ದು ಕೇಳಿದರೆ ಬಳೆಯನ್ನು ಕಡ್ಡಿಗೆ ಹಾಕಬೇಕು ಎಂದು ಮೊದಲೇ ಆಟ ಕಲಿಸಿದ್ದರು. ಏಳನೆಯ ಗೆರೆಯವರೆಗೂ ಏನಿಲ್ಲ. ಎಂಟಕ್ಕೆ ಮಗುವಿನ ಬಾಯಿ ತೆರೆಯಿತು, ಕಣ್ಣು ಅಗಲವಾಯಿತು, ಬಳೆ ನೆಲಕ್ಕೆ ಬಿತ್ತು. ಆಮೇಲೆ ಜೋರಾದ ಅಳು. ತಾಯಿಯೂ ಅತ್ತಳು. ಅದು ಆರಂಭ ಅಷ್ಟೆ. ಮುಂದೆ ತಿಂಗಳುಗಟ್ಟಲೆ ತರಬೇತಿ. ಹೇಳಿಕೊಡುವವರು ಮಾತಾಡುವಾಗ ತಮ್ಮ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಮಗು ತುಟಿ ನೋಡದೆ ಕಿವಿಯಿಂದಲೇ ಕಲಿಯಲಿ ಎಂದು.

ಇಲ್ಲಿಯೂ ಗಡುವು ಇದೆ. ಅಮೆರಿಕದ ಅನು ಶರ್ಮಾ ಅವರು 2002ರಲ್ಲಿ ತೋರಿಸಿದಂತೆ, ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಮಕ್ಕಳ ಮಿದುಳಿನ ಅಲೆ ಆರೆಂಟು ತಿಂಗಳಲ್ಲಿ ಉಳಿದ ಮಕ್ಕಳಂತೆಯೇ ಆಗುತ್ತದೆ. ಏಳು ವರ್ಷ ದಾಟಿದವರಲ್ಲಿ ಹಾಗೆ ಆಗುವುದು ವಿರಳ. ನವಜಾತ ಶಿಶುವಿನ ಕಿವಿ ಪರೀಕ್ಷೆಯಂತೂ ಕೆಲವೇ ನಿಮಿಷದ ಕೆಲಸ. ಆರೋಗ್ಯವಂತ ಕಿವಿ ಸದ್ದು ಕೇಳಿದಾಗ ತಾನೂ ಸಣ್ಣಗೆ ಸದ್ದು ಮಾಡುತ್ತದೆ, 1978ರಲ್ಲಿ ಡೇವಿಡ್ ಕೆಂಪ್ ಕಂಡುಕೊಂಡ ಸಂಗತಿ ಇದು. ನಿದ್ದೆ ಮಾಡುತ್ತಿರುವ ಮಗುವಿನ ಕಿವಿಗೆ ಮೃದುವಾದ ಬಿರಡೆ ಇಟ್ಟು ಆ ಮರುದನಿಯನ್ನು ಹಿಡಿಯುತ್ತಾರೆ. 1965ರಲ್ಲಿ ಹುಟ್ಟಿದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಪಾಸಣೆಯನ್ನು ಹೆರಿಗೆ ಆಸ್ಪತ್ರೆಗಳವರೆಗೆ ಒಯ್ದಿದೆ.

ಕಿವಿ ಕಲಿಸಿದ ಪಾಠವನ್ನು ಯಂತ್ರಗಳಿಗೆ ಕೊಟ್ಟವರಲ್ಲಿ ಹೈದರಾಬಾದಿನವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಪಾಠ ಮಾಡಿದ ಬಯ್ಯಾ ಯಜ್ಞನಾರಾಯಣ ಮುಂದೆ ಹೈದರಾಬಾದಿನ ಟ್ರಿಪಲ್ ಐಟಿಯಲ್ಲಿ ಮಾತಿನ ಸಂಸ್ಕರಣೆಯ ಸಂಶೋಧನೆ ಬೆಳೆಸಿದರು. ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಅದು ಬರೆದುಕೊಳ್ಳುತ್ತದಲ್ಲ, ಆ ವಿದ್ಯೆಯ ಹಿಂದೆ ಇಂಥವರ ದಶಕಗಳ ದುಡಿಮೆ ಇದೆ.

ಟಾರ್ಚಿನ ಬೆಳಕು

ಇಷ್ಟೆಲ್ಲ ತಿಳಿದ ಮೇಲೆ ನನ್ನ ಮನಸ್ಸು ಬಂದು ನಿಲ್ಲುವುದು ಒಂದು ಟಾರ್ಚಿನ ಮೇಲೆ. ಹುಟ್ಟಿದ ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರೆ, ಪಾಪೆ ಕಪ್ಪಾಗಿದೆಯೋ ಬೆಳ್ಳಗಿದೆಯೋ ಬರಿಗಣ್ಣಿಗೇ ತಿಳಿಯುತ್ತದೆ. ಕಣ್ಣಿನ ವೈದ್ಯರ ಸಣ್ಣ ಆಫ್ತಾಲ್ಮೋಸ್ಕೋಪ್ ಇದ್ದರೆ ಇನ್ನೂ ಚೆಂದ: ಒಳಗೆ ಅಡ್ಡಿಯಿಲ್ಲದಿದ್ದರೆ ಪಾಪೆ ಕೆಂಪಗೆ ಹೊಳೆಯುತ್ತದೆ. ಎರಡೂ ಕಣ್ಣಿಗೆ ದಟ್ಟ ಪೊರೆ ಇರುವ ಮಗುವಿಗೆ ಮೊದಲ ಆರರಿಂದ ಎಂಟು ವಾರದೊಳಗೆ ಆಪರೇಷನ್ ಆದರೆ ಒಳ್ಳೆಯದು. ಕೆನಡಾದಲ್ಲಿ ಎರಡರಿಂದ ಆರು ತಿಂಗಳಿಗೆ ಆಪರೇಷನ್ ಆದ ಮಕ್ಕಳಲ್ಲಿ ಕೂಡ, ಕಣ್ಣು ಮೂಗು ಬಾಯಿಗಳ ನಡುವಿನ ಅಂತರ ಗುರುತಿಸುವುದರಲ್ಲಿ ಸಣ್ಣ ತೊಡಕು ವರ್ಷಗಳ ಮೇಲೂ ಉಳಿದಿತ್ತು. ವಾರಗಳ ಲೆಕ್ಕ ಅಂದರೆ ವಾರಗಳ ಲೆಕ್ಕವೇ.

ಪೊರೆ ಬಾರದಂತೆ ತಡೆಯುವುದೂ ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. ಬಸುರಿನಲ್ಲಿ ರುಬೆಲ್ಲಾ ತಗುಲಿದರೆ ಮಗುವಿನ ಕಣ್ಣಿಗೆ ಪೊರೆ, ಕಿವಿಗೆ ಕಿವುಡು ಎರಡೂ ಬರಬಹುದು; ಪೊರೆಯ ಜಾಡು 1941ರಲ್ಲಿ ಆಸ್ಟ್ರೇಲಿಯಾದ ನಾರ್ಮನ್ ಗ್ರೆಗ್ ಅವರಿಂದ ಸಿಕ್ಕಿತು. ಕರ್ನಾಟಕದಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾದದ್ದು 2017ರ ಫೆಬ್ರವರಿಯಲ್ಲಿ, ತೆಲಂಗಾಣದಲ್ಲಿ ಅದೇ ವರ್ಷ ಆಗಸ್ಟ್‌ನಲ್ಲಿ. ಆಗ ವಾಟ್ಸ್ಯಾಪಿನ ವದಂತಿ ಕೇಳಿ ಮಕ್ಕಳನ್ನು ಶಾಲೆಗೆ ಕಳಿಸದೆ ಉಳಿಸಿಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ಸೋದರಸಂಬಂಧದ ಮದುವೆಗಳು ಹೆಚ್ಚಿರುವ ನಮ್ಮ ಕಡೆ ವಂಶದಲ್ಲಿ ಹರಿದು ಬರುವ ದೋಷಗಳೂ ಉಂಟು. ದಿನ ತುಂಬದೆ ಹುಟ್ಟಿದ ಮಕ್ಕಳ ರೆಟಿನಾ ಕಾಪಾಡುವ ಕೆಲಸ ಮತ್ತೊಂದು. ಹೈದರಾಬಾದ್ ಸಿಕಂದರಾಬಾದ್ ಅವಳಿ ನಗರದಲ್ಲಿ ಡಾ. ಸುಭದ್ರಾ ಜಲಾಲಿ ಅವರ ತಂಡ 1997ರ ಸುಮಾರಿಗೇ ಶಿಶು ಘಟಕಗಳಿಗೆ ಹೋಗಿ ತಪಾಸಣೆ ಮಾಡತೊಡಗಿತು. ಕರ್ನಾಟಕದಲ್ಲಿ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ 2008ರಿಂದ ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತು ಜಿಲ್ಲೆಗಳಿಗೆ ತಿರುಗುವ ಕಾರ್ಯಕ್ರಮ ಕಟ್ಟಿದರು. ಹೆರಿಗೆ ಆದ ಪ್ರತಿ ಮನೆಗೂ ಹೋಗುವ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಒಂದು ಟಾರ್ಚು, ಅವಳಿಗೆ ಒಂದು ದಿನದ ತರಬೇತಿ ಇದ್ದರೆ ನಮ್ಮ ಹುಡುಗನ ಕಥೆ ಬೇರೆಯಾಗುತ್ತಿತ್ತು. ಅವನು ಹುಟ್ಟಿದಾಗ ಯಾರೂ ಹಾಗೆ ನೋಡಲಿಲ್ಲ.

ಅವನ ಮಗಳು ಹುಟ್ಟಿದಾಗ ಮಾತ್ರ ಅವನೇ ಕೇಳಿದ. ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು, ಮಗು ಕೆಂಪಗದೋ ಕರ್ರಗದೋ ಎಂದು ಕೇಳದೆ, "ಕಣ್ಣಾಗ ಬ್ಯಾಟರಿ ಬಿಟ್ಟು ನೋಡ್ರಿ" ಅಂದ. ನರ್ಸು ನೋಡಿದಳು. ಎರಡೂ ಪಾಪೆಯಲ್ಲಿ ಮಂಜಿನ ಹನಿಯಂಥ ಬಿಳುಪು. ಆ ವಾರವೇ ಬಸ್ ಹತ್ತಿದರು. ಒಂದು ಕಣ್ಣಿಗೆ ಆರನೆಯ ವಾರ, ಇನ್ನೊಂದಕ್ಕೆ ಏಳನೆಯ ವಾರ ಆಪರೇಷನ್ ಆಯಿತು. ಕೂಸಿನ ತಲೆಯ ಸುತ್ತ ಎಲಾಸ್ಟಿಕ್ ಕಟ್ಟಿದ, ಗಾಜಿನ ಗೋಲಿಯಷ್ಟು ದಪ್ಪದ ಪುಟ್ಟ ಕನ್ನಡಕ ಬಂತು.

ಕೂಸಿಗೆ ಐದು ತಿಂಗಳಾದಾಗ ನಾನು ಹೋಗಿದ್ದೆ. ಪಡಸಾಲೆಯಲ್ಲಿ ಜೋಳಿಗೆಯಲ್ಲಿ ಮಲಗಿತ್ತು. ಅವನು ಅಂಗಡಿಯಿಂದ ಬಂದವನು ಬಾಗಿಲಲ್ಲೇ ಚಪ್ಪಲಿ ಬಿಟ್ಟ, ಹೆಜ್ಜೆ ಸದ್ದಾಗಬಾರದೆಂದು. ನನ್ನನ್ನೂ ಅವನ ತಮ್ಮನನ್ನೂ ಕರೆದು ತನ್ನ ಅಕ್ಕಪಕ್ಕ ನಿಲ್ಲಿಸಿಕೊಂಡ. "ಕಾಕಾ, ಯಾರೂ ಸದ್ದು ಮಾಡಬ್ಯಾಡ್ರಿ. ಅಲ್ಲಾಡಬ್ಯಾಡ್ರಿ." ಮೂವರೂ ಜೋಳಿಗೆಯ ಮೇಲೆ ಬಾಗಿ ಉಸಿರು ಬಿಗಿಹಿಡಿದು ನಿಂತೆವು. ಆ ದಪ್ಪ ಗಾಜಿನ ಹಿಂದೆ ದೊಡ್ಡದಾಗಿ ಕಾಣುವ ಎರಡು ಕಣ್ಣು ಮೊದಲು ನನ್ನ ಮೇಲೆ ನಿಂತವು. ಚಿಕ್ಕಪ್ಪನ ಮೇಲೆ ಹೋದವು. ಅಲ್ಲಿಂದ ಅವನ ಮುಖಕ್ಕೆ ಬಂದವು.

ಅವನು ಕೂಸಿನ ಮುಖವನ್ನು ನೋಡುತ್ತಿರಲಿಲ್ಲ. ತಲೆ ಒಂದು ಬದಿಗೆ ವಾಲಿಸಿ, ಕಿವಿಗೊಟ್ಟು ನಿಂತಿದ್ದ. ಜೋಳಿಗೆಯ ಬಟ್ಟೆಯೊಳಗೆ ಎರಡು ಕಾಲು ಪಟಪಟನೆ ಬಡಿದವು, ಗೆಜ್ಜೆ ಘಲ್ಲೆಂದಿತು.

"ಗೊತ್ತಾತು ನೋಡ್ರಿ ಅಕಿಗಿ" ಅಂದ.